ನಾಯಿ ಹಿಡಿಯುವ ಸರದಿ

ಪುಣೆ ಸ್ಟೇಷನ್ನಿನಲ್ಲಿ ಮಹಾಲಿಂಗ ಹೆಂಗಸರ ಡಬ್ಬಿಯ ಮುಂದೆ ನಿಂತು ಹೆಂಡತಿಯನ್ನು ಹುಡುಕುತ್ತಿದ್ದ. ಹೆಂಡತಿ ಇಳಿದದ್ದು ಗಾಡಿಯ ತುದಿಯಿಂದ... ಗಾರ್ಡನ ಡಬ್ಬಿಯಿಂದ!

ಸೀರೆಯ ತುಂಬ ಹುಲ್ಲು. ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ಎರಡು ಹಗ್ಗ. ಹಗ್ಗದ ತುದಿಯಲ್ಲಿ ಎರಡು ಮುಧೋಳ ನಾಯಿಗಳು, ಉದ್ದ ಕಾಲು, ಬೆನ್ನಿಗಂಟಿದ ಹೊಟ್ಟೆ.

ಮದುವೆಯಾಗಿ ಮೂರು ತಿಂಗಳಾಗಿತ್ತು. ಅಂದು ಬಾಸಿಂಗದ ಮರೆಯಲ್ಲಿ ಒಬ್ಬರಿಗೊಬ್ಬರು ಕಂಡದ್ದು ಅಷ್ಟಕ್ಕಷ್ಟೇ. ಶಿವಗಂಗಾ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವ ಏನ್ರಿ?"

"ಹೌದು, ನಾನ. ಇವು?"

"ಬಾಣ, ಕಂಚಿ. ಇವನ್ನ ಬ್ಯಾರೆ ಡಬ್ಬ್ಯಾಗ ಹಾಕ್ತೀವಿ ಅಂದ್ರು. ಅದಕ್ಕ ನಾನೂ ಅಲ್ಲೇ ಕೂತೆ."

"ಹೆಂಡತಿ ಬರ್ತಾಳಂತ ಪತ್ರದಾಗ ಇತ್ತು. ನಾಯಿ ಸುದ್ದಿ ಇದ್ದಿಲ್ಲ."

"ಅದನ್ನೂ ಪತ್ರದಾಗ ಬರದಿದ್ರ ನೀವು ಬ್ಯಾಡ ಅಂತಿದ್ರಿ," ಎಂದಳು ಅವಳು.

ಮಹಾಲಿಂಗ ಅವಳ ಕೈಯಿಂದ ಗಂಟು ಇಸಿದುಕೊಂಡ. ಅವನು ಯಾವುದಕ್ಕೂ ಬೇಗ ಉತ್ತರಿಸುವವನಲ್ಲ. ಅದು ೧೯೩೭ನೇ ಇಸವಿ. ಹಳೆಯ ಗುಹೆ, ಕೋಟೆಗಳನ್ನು ಕಾಯುವ ಒಂದು ಸರಕಾರಿ ಕಚೇರಿಯಲ್ಲಿ ಅವನಿಗೆ ನಕಾಶೆ ತೆಗೆಯುವ ಕೆಲಸ. ಕಂಬದ ಸುತ್ತಳತೆ, ಮೆಟ್ಟಿಲಿನ ಎತ್ತರ, ಬಾಗಿಲಿನ ಅಗಲ ಎಲ್ಲವನ್ನೂ ಅಳೆದು ಬರೆಯುತ್ತಿದ್ದ. ಮಾತು ಮಾತ್ರ ಅವನಿಗೆ ಒಗ್ಗದ ಕಸುಬು.

ಅವನು ಬಾಡಿಗೆಗಿದ್ದ ಕಸಬಾ ಪೇಟೆಯ ವಾಡೆಯಲ್ಲಿ ಮನೆಯೊಡತಿ ಗಂಗೂಬಾಯಿ ನಾಯಿಗಳನ್ನು ಕಂಡವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಕುತ್ರೀ ಚಾಲಣಾರ ನಾಹೀತ!"

ನಾಯಿ ಇಲ್ಲಿ ನಡೆಯುವುದಿಲ್ಲ, ಹುಣ್ಣಿಮೆಯೊಳಗೆ ಹೋಗಬೇಕು. ಹುಣ್ಣಿಮೆಗೆ ಇನ್ನು ಹನ್ನೊಂದು ದಿನ.

"ಇವು ಹೋದ್ರ ನಾನೂ ಊರಿಗೆ ಹೋಗ್ತೀನ್ರಿ," ಎಂದಳು ಶಿವಗಂಗಾ. "ಅವ್ವ ಸತ್ತ ಮ್ಯಾಲೆ ನನ್ನ ಜೋಡಿ ಬೆಳದಾವ. ಬಿಟ್ಟು ಇರಂಗಿಲ್ಲ."

ಮಹಾಲಿಂಗ ಗೋಡೆಯ ಗೂಟದಿಂದ ತನ್ನ ಚೀಲ ಇಳಿಸಿದ.

"ನಾಳಿಂದ ಎಂಟು ದಿನ ನನ್ನ ಫಿರತಿ ಅದ, ಊರೂರು ತಿರುಗೋದು. ನನ್ನ ಗೆಳ್ಯಾ ಮಾರ್ತಾಂಡನ ಮೋಟಾರು ಕೇಳೀನಿ. ನೀನೂ ಬಾ. ನಾಯಿನೂ ಬರಲಿ."

ಅವಳ ಎದೆ ಹಗುರಾಯಿತು. ಗಂಡನ ಜೊತೆ ಊರೂರು ತಿರುಗುವ ಭಾಗ್ಯ ಅವಳ ಓರಗೆಯ ಯಾರಿಗೂ ಸಿಕ್ಕಿರಲಿಲ್ಲ. ಆ ರಾತ್ರಿ ಅವಳು ಎಂಟು ದಿನಕ್ಕಾಗುವಷ್ಟು ಕಟಕ ರೊಟ್ಟಿ ಬಡಿದಳು. ನಾಯಿಗಳ ಪಾಲು ಬೇರೆ.

ಮೊದಲ ದಿನ ಕಾರ್ಲಾ. ಗುಹೆಯ ಬಾಗಿಲಲ್ಲಿ ಹಲಗೆ ತೂಗುತ್ತಿತ್ತು: ಪ್ರಾಣಿಗಳನ್ನು ಒಳಗೆ ತರಬಾರದು. ಹಲಗೆಯ ಅಕ್ಷರ ಮಹಾಲಿಂಗನದೇ!

"ನೀ ನಾಯಿ ಹಿಡಕೊಂಡು ಇಲ್ಲೇ ಕೂಡು," ಎಂದು ಅವನು ಒಳಗೆ ಹೋದ. ಅರ್ಧ ತಾಸಿಗೆ ಬಂದ. ಹಗ್ಗ ಇಸಿದುಕೊಂಡ. "ಈಗ ನೀ ಹೋಗು. ಎಡಗಡೆ ಮ್ಯಾಲೆ ಜೇನು ಕಟ್ಟ್ಯಾವ, ಗದ್ದಲ ಮಾಡಬ್ಯಾಡ."

"ನೀವು?"

"ನಾಯಿ ಯಾರು ಹಿಡೀತಾರ?"

ಒಬ್ಬಳೇ ಒಳಗೆ ಹೋದಳು. ಬಾಗಿಲ ಗೋಡೆಯ ಮೇಲೆ ಕಲ್ಲಿನ ಗಂಡ ಹೆಂಡಿರು ಹೆಗಲಿಗೆ ಕೈ ಹಾಕಿ ನಿಂತಿದ್ದರು. ಸಾವಿರ ವರ್ಷದ ಮೇಲಾಯಿತಂತೆ, ಬೇಸರವಿಲ್ಲದೆ ನಿಂತೇ ಇದ್ದಾರೆ. ಶಿವಗಂಗಾ ಅವರನ್ನು ನೋಡಿ ಮುಖ ತಿರುಗಿಸಿದಳು.

ಭಾಜೆಯ ಗುಹೆಗಳಲ್ಲೂ ಅದೇ. "ಮೂರನೇ ಮೆಟ್ಟಿಲು ಸಡಿಲ ಅದ." ಲೋಹಗಡದ ಕೋಟೆಯಲ್ಲೂ ಅದೇ. "ಎರಡನೇ ದರವಾಜಾ ದಾಟಿದ ಮ್ಯಾಲೆ ಗಾಳಿ ಭಾಳ, ಸೆರಗು ಬಿಗಿ ಮಾಡ್ಕೋ." ಅವನು ಹೋಗುವುದು, ಬರುವುದು, ಅವಳು ಹೋಗುವುದು, ಬರುವುದು. ರಾತ್ರಿ ತಂಗುವ ಸರಕಾರಿ ಬಂಗಲೆಗಳಲ್ಲಿ ಅವಳಿಗೂ ನಾಯಿಗೂ ಕೋಣೆ, ಅವನಿಗೆ ಪಡಸಾಲೆ. ಮೋಟಾರು ನಡೆಸುವ ಅವನ ಪಕ್ಕ ಬಾಣ. ಕಂಚಿ ಅವಳ ತೊಡೆಯ ಮೇಲೆ, ಹಿಂದಿನ ಸೀಟಿನಲ್ಲಿ.

'ನನ್ನ ಜೋಡಿ ನಡದ್ರ ಇವರ ಮಾನ ಹೋಗ್ತದೇನು? ಹಳ್ಳ್ಯಾಕಿ, ನಾಯಿ ಹಿಡದಾಕಿ... ಅದಕ್ಕ ದೂರ ಇಡ್ತಾರ.'

ಹಾಗೆಂದುಕೊಂಡಳೇ ಹೊರತು ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಲೋಹಗಡದಲ್ಲೇ ಮುಗಿಯುತ್ತಿತ್ತು. ಇಬ್ಬರಿಗೂ ಬಾಯಿ ಇತ್ತು, ಅದನ್ನು ರೊಟ್ಟಿಗಷ್ಟೇ ಬಳಸಿದರು.

ಆರನೆಯ ದಿನ ಭೋರ್. ಸಂತೆಯ ಬಯಲಿನಲ್ಲಿ ಆಡಿನ ಹಿಂಡಿನೊಡನೆ ಕೃಷ್ಣಾಜಿ ಎಂಬ ಮುದುಕನೊಬ್ಬ ಕಾದಿದ್ದ. ಮಹಾಲಿಂಗ ಅವನೊಡನೆ ಶಿವಗಂಗಾಗೆ ಬಾರದ ಮರಾಠಿಯಲ್ಲಿ ಮಾತಾಡಿದ. ಎಂಟು ದಿನಕ್ಕಾಗುವ ಮಾತು ಒಂದೇ ಉಸಿರಿಗೆ!

ಮುದುಕ ಬಾಣನ ತುಟಿ ಎತ್ತಿ ಹಲ್ಲು ನೋಡಿದ. ಕಂಚಿಯ ಪಾದ ಒತ್ತಿದ. ಹಗ್ಗ ತಾನೇ ಹಿಡಿದು ಆಡಿನ ಹಿಂಡಿನ ನಡುವೆ ಎರಡು ಸುತ್ತು ನಡೆಸಿದ. ಆಮೇಲೆ ತಲೆದೂಗಿ ಮಹಾಲಿಂಗನ ಕೈ ಹಿಡಿದ.

ಶಿವಗಂಗಾ ಮೋಟಾರಿನ ಪಕ್ಕ ನಿಂತು ನೋಡಿದಳು. ಅವಳ ಊರಿನಲ್ಲಿ ಬೇಟೆ ನಾಯಿ ಕೊಳ್ಳುವವರು ಹೀಗೆಯೇ ನೋಡುತ್ತಾರೆ. ಹಲ್ಲು, ಪಾದ, ನಡಿಗೆ, ಕೊನೆಗೆ ಕೈ ಹಿಡಿಯುವುದು. ಕೈ ಹಿಡಿದರೆ ಮಾತು ಮುಗಿದಂತೆ.

'ತಿರುಗಾಡಿಸಾಕ ಅಲ್ಲ, ಮಾರಾಕ ಕರಕೊಂಡು ಬಂದಾರ!'

ಮರುದಿನ ಬೆಳಗ್ಗೆ ಗಂಟು ಕಟ್ಟಿ ಹೊರಗೆ ಬಂದಳು. ಕಣ್ಣು ಕೆಂಪಗಿದ್ದವು. ದನಿ ಮಾತ್ರ ಗಟ್ಟಿ.

"ನನ್ನ ನೀರಾ ಸ್ಟೇಷನ್ನಿಗೆ ಬಿಡ್ರಿ. ನಾಯಿ ಕರಕೊಂಡು ಊರಿಗೆ ಹೋಗ್ತೀನಿ."

ಮಹಾಲಿಂಗ ಚಹಾದ ಬಟ್ಟಲು ಕುಡಿಯದೆ ಕೆಳಗಿಟ್ಟ.

"ಹೋಗಬೇಕ ಅಂತೀಯೇನು?"

"ಹೂಂನ್ರಿ."

"ಆತು."

ಅಷ್ಟೇ. ಅವನಿಗೆ ಏಟು ಬಿದ್ದದ್ದು ಅವಳಿಗೆ ಕಾಣಲಿಲ್ಲ, ಏಕೆಂದರೆ ಅವಳು ಅವನ ಮುಖ ನೋಡಲಿಲ್ಲ. ನೀರಾ ತನಕ ದಾರಿ ತುಂಬ ಧೂಳು ಎದ್ದಿತು. ಮಾತು ಏಳಲಿಲ್ಲ.

ಸ್ಟೇಷನ್ನಿನಲ್ಲಿ ಮಹಾಲಿಂಗ ತಿಕೀಟು ತರಲು ಹೋದ. ನಾಯಿಗಳಿಗೆ ನೀರು ಕುಡಿಸಲು ತಾಟು ಹುಡುಕುತ್ತ ಶಿವಗಂಗಾ ಅವನ ಚೀಲಕ್ಕೆ ಕೈ ಹಾಕಿದಳು. ಸಿಕ್ಕಿದ್ದು ಅಳತೆಯ ವಹಿ.

ಕಂಬ, ಮೆಟ್ಟಿಲುಗಳ ಲೆಕ್ಕವಿರಬೇಕೆಂದು ತೆರೆದಳು. ಕಾರ್ಲಾದ ಪುಟದಲ್ಲಿ ಒಂದು ಅಳತೆಯೂ ಇರಲಿಲ್ಲ! 'ಈ ಜಾಗ ಹನ್ನೆರಡು ಸಲ ಅಳದೀನಿ, ಕೆಲಸ ಏನಿಲ್ಲ. ಜೇನು ಎಡಕ್ಕ. ಆಕಿಗೆ ಹೇಳಬೇಕು.' ಭಾಜೆ: 'ಮೂರನೇ ಮೆಟ್ಟಿಲು. ಆಕಿ ಬಿದ್ದಾಳು.' ಲೋಹಗಡ: 'ಗಾಳಿ. ಆಕಿ ಒಬ್ಬಾಕಿ ಹೋಗೋದು ನೋಡಿದ್ರ ಜೀವ ಹೊಡಕೊಳ್ತದ.'

ಅವಳ ಬೆರಳು ನಿಂತಿತು. ಮುಂದಿನ ಪುಟದಲ್ಲಿ ಒಂದು ಮನೆಯ ನಕಾಶೆ. ಮೇಲೆ 'ಪುಣೆ ಹತ್ತರ ಕಾತ್ರಜ, ಕೃಷ್ಣಾಜಿ ಹೊಲದ ಮನಿ.' ಬಾವಿ, ಬೇವಿನ ಗಿಡ, ಅಂಗಳದ ಸುತ್ತ ಬೇಲಿ. ಬೇಲಿಯೊಳಗೆ 'ಬಾಣ, ಕಂಚಿ.' ಅಡಿಗೆಮನೆಯ ಗೋಡೆಯಲ್ಲಿ ಒಂದು ಚೌಕ. 'ಇಲ್ಲಿ ಹೊಸ ಕಿಡಕಿ ತೆಗಸೋದು. ಶಿವಗಂಗಾನ ಕಣ್ಣಿನ ಮಟ್ಟ ಐದು ಅಡಿ. ನಾ ಕಚೇರಿಯಿಂದ ಬರೋ ದಾರಿ ಕಾಣಬೇಕು.'

ಅವಳಿಗೆ ಅಳು ಬಂತು, ನಗುವೂ ಬಂತು. ಎರಡನ್ನೂ ತಡೆಯಲಾಗಲಿಲ್ಲ.

ಮಹಾಲಿಂಗ ತಿಕೀಟು ಹಿಡಿದು ಬಂದವನು ವಹಿ ಕಂಡು ಅಲ್ಲೇ ನಿಂತ.

"ಮಾರಾಕ ಅಂದ್ಕೊಂಡಿದ್ದೆ," ಎಂದಳು ಅವಳು, ಬಿಕ್ಕುತ್ತ. "ಆ ಮುದಕ ಹಲ್ಲು ಯಾಕ ನೋಡಿದನ್ರೀ?"

"ಮಾರೋದೇ!" ಅವನು ಬೆಚ್ಚಿಬಿದ್ದ. "ಅವನ ಹೊಲದಾಗ ಆಡು ಅದಾವ, ನಾಯಿ ಅವನ್ನ ಕಚ್ಚಬಾರದಲ್ಲ. ಬಾಡಿಗಿಗೆ ಬರೋ ಮನಿಶ್ಯಾನ ಆಮ್ಯಾಲೆ ನೋಡ್ತೀನಿ, ಮೊದಲ ನಾಯಿ ತೋರಿಸು ಅಂದ."

"ನನಗ ಒಂದು ಮಾತು ಹೇಳಬಾರದಿತ್ತೇನು?"

ಅವನು ತಿಕೀಟನ್ನು ಬೆರಳಲ್ಲಿ ಮಡಿಚಿದ, ಬಿಚ್ಚಿದ.

"ಹೇಳಿದ್ರ ನಾಯಿ ಸಲುವಾಗಿ ಉಳೀತಿದ್ದಿ. ನನ್ನ ಸಲುವಾಗಿ ಉಳೀತೀಯೇನು ಅಂತ ಮೊದಲ ಕೇಳಬೇಕಾಗಿತ್ತು... ಎಂಟು ದಿನದಾಗ ಎಲ್ಲೋ ಒಂದು ಕಡೆ ಕೇಳ್ತೀನಿ ಅಂತ ಹೊರಟೆ. ಪ್ರತಿ ಬಾಗಿಲದಾಗ ಕೇಳಬೇಕು ಅಂತಿದ್ದೆ. ಬಾಯಿಗೆ ಬಂದದ್ದು ಮೆಟ್ಟಿಲು, ಜೇನು..."

ದೂರದಲ್ಲಿ ಗಾಡಿಯ ಶಿಳ್ಳೆ ಕೇಳಿಸಿತು.

"ಈಗ ಕೇಳ್ರಿ."

"ನಾಯಿ ಇಲ್ಲದಿದ್ರೂ ನನ್ನ ಹತ್ತರ ಇರ್ತೀಯೇನು?"

ಶಿವಗಂಗಾ ಸುಳ್ಳು ಹೇಳುವವಳಲ್ಲ. ಕಣ್ಣೊರೆಸಿಕೊಂಡು ಯೋಚಿಸಿದಳು.

"ಇವು ಇಲ್ಲದಿದ್ರ ಭಾಳ ತ್ರಾಸ ಆಗ್ತದ್ರಿ. ನಿಮ್ಮನ್ನ ಬಿಟ್ಟು ಹೋದ್ರ... ಅದಕ್ಕಿಂತ ಹೆಚ್ಚು ಆಗ್ತದ. ಅಳತಿ ಕೇಳಬ್ಯಾಡ್ರಿ, ಹೇಳಾಕ ಬರಂಗಿಲ್ಲ."

ಗಾಡಿ ಬಂತು. ಎರಡು ನಿಮಿಷ ನಿಂತು ಮಿರಜದ ಕಡೆಗೆ ಹೋಯಿತು. ಇಬ್ಬರೂ ಅದನ್ನು ತಿರುಗಿ ನೋಡಲಿಲ್ಲ.

ಅವಳು ಮತ್ತೆ ವಹಿ ತೆರೆದು ಬೆರಳಿಟ್ಟಳು.

"ಇದು ತಪ್ಪು ಬರದೀರಿ."

"ಯಾವುದು?" ಅವನಿಗೆ ಅವಮಾನವೇ ಆಯಿತು. ಹತ್ತು ವರ್ಷದ ನೌಕರಿಯಲ್ಲಿ ಯಾರೂ ಅವನ ಅಳತೆ ತಪ್ಪೆಂದಿರಲಿಲ್ಲ.

"ಕಣ್ಣಿನ ಮಟ್ಟ ಐದು ಅಡಿ ಅಂತ! ತಲಿ ಸುದ್ದಾ ಹಿಡದ್ರೂ ನಾ ಐದು ಅಡಿ ಇಲ್ರಿ. ಈ ಕಿಡಕ್ಯಾಗ ನನಗ ಬರೇ ಮುಗಿಲು ಕಾಣ್ತದ, ನೀವು ಕಾಣಂಗಿಲ್ಲ."

"ದೂರದಿಂದ ನೋಡಿ ಬರದಿದ್ದೆ..." ಅವನು ಕಿವಿಯ ತನಕ ಕೆಂಪಾದ. "ತಡಿ, ಮೋಟಾರದಾಗ ಟೇಪು ಅದ, ತರ್ತೀನಿ."

"ಟೇಪು ಯಾಕ್ರಿ?" ಎಂದಳು ಶಿವಗಂಗಾ. "ಹತ್ತರ ಬಂದು ನಿಂದರ್ರಿ."