ಬಂಡೆ ನೋಡಲಿಕ್ಕೊಂದು ಕನ್ನಡಕ

"ಈ ಕನ್ನಡಕ ಸರಿಯಿಲ್ಲ," ಎಂದು ಅವಳು ಅದನ್ನು ಮಡಿಸಿ ಗಾಜಿನ ಮೇಜಿನ ಮೇಲಿಟ್ಟಳು.

ಕನ್ನಡಕದಂಗಡಿಯವರು ಕನ್ನಡಕವನ್ನು ನೋಡಲಿಲ್ಲ. ಅವಳನ್ನು ನೋಡಿದರು. "ನನ್ನ ಅಂಗಡಿ ಮಾಲು ವಾಪಸ್ ಬರೋ ಪದ್ಧತಿನೇ ಇಲ್ವಲ್ಲ, ಮೈಕಮ್ಮ."

"ಇವತ್ತಿಂದ ಶುರು ಮಾಡಿ."

"ಹಾಕ್ಕೊಂಡ್ರೆ ಏನಾಗುತ್ತೆ?"

"ದೂರದ ಬಸ್ಸು ಪಕ್ಕಕ್ಕೆ ಎಳೆದ ಹಾಗೆ ಕಾಣುತ್ತೆ. ಸ್ವಲ್ಪ ಹೊತ್ತಿಗೆ ಹಣೆ ಹಿಡ್ಕೊಳ್ಳುತ್ತೆ. ಶನಿವಾರ ಹೊರಡಬೇಕು, ಇಲ್ಲದಿದ್ರೆ ನಾನು ಇದನ್ನ ಹೇಳೋಕೂ ಬರ್ತಿರಲಿಲ್ಲ."

"ಬಂಡೆ ನೋಡೋಕೆ, ಅಲ್ವಾ?"

"ನಿಮಗೆ ಯಾರು ಹೇಳಿದ್ದು?"

"ನೀವೇ. ಅಳತೆ ಕೊಡೋಕೆ ಬಂದಾಗ. ಬಸ್ಸು ಹೊರಡುತ್ತೆ ಅಂತ ಹೇಳೋ ಹಾಗೇ ಹೇಳಿದ್ರಿ."

ಅವರು ನಗಿಸಲಿಕ್ಕೆಂದೇ ಹೇಳಿದ ಮಾತು. ಅವಳು ನಗಲಿಲ್ಲ. ಕೋಪವೂ ಬರಲಿಲ್ಲ. ಎರಡೂ ಬಾರದೆ ಬಹಳ ಕಾಲವಾಗಿತ್ತು.

ಅವಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಕಟ್ಟೆಗೆ ಬಂತು, ಯಾವುದು ಹೊರಟಿತು ಎಂದು ಕೂಗುವವಳು. ಊರಿಗೆಲ್ಲ ಅವಳ ದನಿ ಗೊತ್ತು, ಮುಖ ಗೊತ್ತಿದ್ದವರು ಕಡಿಮೆ. ಹೀಗಾಗಿ ಮೈಕಮ್ಮ ಎಂಬ ಹೆಸರೇ ನಿಂತಿತು. ಎರಡು ವರ್ಷದ ಕೆಳಗೆ ಅವಳ ಗಂಡ, ಒಳ್ಳೆಯ ಬಡಗಿ, ಜ್ವರವೆಂದು ಮಲಗಿದವನು ಏಳಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ವಾರವೇ ಅವಳು ಕೆಲಸಕ್ಕೆ ಹೋದಳು. ಒಂದು ಬಸ್ಸೂ ತಪ್ಪದಂತೆ ಕೂಗಿದಳು. ದುಃಖ ಬರುತ್ತದೆಂದು ಕಾದಳು, ಬರಲಿಲ್ಲ. ತಲೆಯಡಿ ಕೈಯಿಟ್ಟು ಮಲಗಿ ಎದ್ದರೆ ಆ ಕೈ ಜೋಮು ಹಿಡಿದು ಪರರ ಕೈಯೆನ್ನಿಸುವುದಿಲ್ಲವೆ? ಹಾಗೆ ಅವಳ ಎದೆ ಅವಳಿಗೆ ಪರರದಾಗಿತ್ತು. ಸಂಜೆ ದೇವರ ಮುಂದೆ ಕೂತರೆ ಬೇಡಲು ಏನೂ ತೋಚುತ್ತಿರಲಿಲ್ಲ. ಸುಮ್ಮನೆ ಕೂತು ಎದ್ದು ಬರುತ್ತಿದ್ದಳು. ಏನನ್ನೂ ಬೇಡದವರ ಎದುರಿಗೂ ದೇವರು ಕೂತೇ ಇರುತ್ತಾನೆ. ಅದು ಅವಳಿಗೆ ಆಗ ತಿಳಿದಿರಲಿಲ್ಲ.

ಕನ್ನಡಕದವರು ಗಾಜುಗಳನ್ನು ಯಂತ್ರಕ್ಕಿಟ್ಟು ನೋಡಿದರು. "ನಂಬರ್ ಸರಿಯಾಗಿದೆ. ನಿಮ್ಮ ನಾದಿನಿ ಬರೆದುಕೊಟ್ಟದ್ದು ಎಷ್ಟೋ ಅಷ್ಟೇ ಇದೆ." ಚೌಕಟ್ಟನ್ನು ತಿರುಗಿಸಿ ನೋಡಿದರು. ಅದೂ ನೆಟ್ಟಗಿತ್ತು. ಕೊನೆಗೆ ಸಣ್ಣ ಅಳತೆಪಟ್ಟಿ ತೆಗೆದರು. "ಕೂತ್ಕೊಳ್ಳಿ. ನನ್ನ ಹಿಂದೆ, ಕಿಟಕಿಯಾಚೆ ಒಂದು ದೀಪದ ಕಂಬ ಇದೆ. ಅದನ್ನೇ ನೋಡಿ. ನನ್ನ ಕಡೆ ನೋಡಬೇಡಿ."

ಅವಳು ಕಂಬ ನೋಡಿದಳು. ಅವರು ಪಟ್ಟಿಯನ್ನು ಅವಳ ಮೂಗಿನ ಮೇಲಿಟ್ಟು, ಒಂದು ಕಣ್ಣಪಾಪೆಯಿಂದ ಇನ್ನೊಂದು ಪಾಪೆಯವರೆಗೆ ಅಳೆದರು. ಮತ್ತೊಮ್ಮೆ ಅಳೆದರು. ಅವರ ಕಿವಿಯ ತುದಿ ಕೆಂಪಾಯಿತು.

"ಏನಾಯ್ತು?"

"ತಪ್ಪು ನನ್ನದೇ. ಮೊದಲು ತಗೊಂಡ ಅಳತೆ ಕಮ್ಮಿ ಬಂದಿತ್ತು."

"ಕಮ್ಮಿ ಹೇಗೆ ಬರುತ್ತೆ? ಕಣ್ಣು ಅಲ್ಲೇ ಇದೆಯಲ್ಲ."

ಅವರು ಪಟ್ಟಿಯನ್ನು ಒರೆಸಿದರು. ಅದರ ಮೇಲೆ ಧೂಳಿರಲಿಲ್ಲ. "ಶುಕ್ರವಾರ ಬನ್ನಿ. ಹೊಸದು ಮಾಡಿಡ್ತೀನಿ."

*

ಮನೆಯೆಂದರೆ ಮೂರನೆಯ ಮಹಡಿಯ ಎರಡು ಕೋಣೆ. ಅವಳ ಜೊತೆ ಇದ್ದವಳು ಗಂಡನ ತಂಗಿ. ಕಣ್ಣಿನ ಆಸ್ಪತ್ರೆಯಲ್ಲಿ ನಂಬರು ಪರೀಕ್ಷಿಸುವ ನರ್ಸು. ತನ್ನ ಗಂಡನೊಡನೆ ಜಗಳವಾಡಿ ಅಣ್ಣನ ಮನೆಗೆ ನಾಲ್ಕು ದಿನಕ್ಕೆಂದು ಬಂದವಳು. ಆ ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ. ಅಣ್ಣ ಹೋದಾಗ ಅವಳು ಗೋಡೆಗೆ ತಲೆ ಚಚ್ಚಿಕೊಂಡು ಅತ್ತಿದ್ದಳು. ಅತ್ತಿಗೆಯ ಪಾಲಿನದನ್ನೂ ತಾನೇ ಅತ್ತೆನೆಂದು ಆಗಾಗ ಹೇಳುತ್ತಿದ್ದಳು.

ಪ್ರವಾಸದ ಯೋಚನೆಯೂ ಅವಳದೇ. ಅತ್ತಿಗೆ ದೂರದ ನೀರಿನ ಟ್ಯಾಂಕನ್ನು ಬಸ್ಸೆಂದು ಮೈಕಿನಲ್ಲಿ ಕೂಗಿದ ದಿನ, "ಹೀಗೇ ಬಿಟ್ರೆ ಬಂಡೆ ತೋರಿಸಿದ್ರೆ ಮೋಡ ಅಂತೀಯ," ಎಂದು ತಾನೇ ಕಣ್ಣು ನೋಡಿ, ನಂಬರು ಬರೆದು, ಅಂಗಡಿಗೆ ಅಟ್ಟಿದ್ದಳು.

ಈಗ ಊಟದ ಮೇಜಿನ ತುಂಬ ನಕ್ಷೆ ಹರಡಿತ್ತು. ಅದರ ಮೇಲೆ ಬಂಡೆಗಳ ಚಿತ್ರಗಳು.

"ಇಲ್ಲಿ ನೋಡು ಅತ್ತಿಗೆ. ಒಂದೊಂದೂ ಕಂಬದ ಹಾಗೆ ನಿಂತಿದೆ, ತಲೆ ಮೇಲೊಂದು ಟೋಪಿ. ಗಾಳಿ ಕೆಳಗಿನ ಮೆತ್ತನೆ ಕಲ್ಲನ್ನೆಲ್ಲ ತಿಂದು, ಮೇಲಿನ ಗಟ್ಟಿಯದನ್ನ ಬಿಟ್ಟಿದೆಯಂತೆ."

"ಬೀಳಲ್ವಾ?"

"ಬೀಳುತ್ತೆ. ನಾವು ಹೋದಾಗ ಬೀಳಬಾರದು ಅಂತ ಹೇಳಿ ಕಳಿಸಿದೀನಿ."

"ಹೂಂ."

"ಇದು ಒಂಟೆ. ಇದು ಆನೆ ಮಂಡಿಯೂರಿದ ಹಾಗಿದೆ. ಇದು ಸಾಕ್ಷಾತ್ ನಮ್ಮ ಹೆಡ್ ನರ್ಸು, ಸಂಬಳ ಕೇಳಿದಾಗ. ಎರಡು ರಾತ್ರಿ, ಒಂದು ರೂಮು. ಬೆಳಿಗ್ಗೆ ಬಿಸಿಲೇರೋ ಮೊದಲು ಈ ಕಣಿವೆ, ಸಂಜೆ ಆ ಗುಡ್ಡ. ಆಗಬಹುದಾ?"

"ಹೂಂ."

"ನಿನ್ನ ಹೂಂ ಕೇಳಿ ಕೇಳಿ ನಾನೂ ಒಂದು ದಿನ ಬಂಡೆ ಆಗ್ತೀನಿ. ಹೋಗಲಿ, ಕನ್ನಡಕಕ್ಕೆ ಏನಂದ್ರು?"

"ಹೊಸದು ಮಾಡಿಕೊಡ್ತಾರಂತೆ. ಕಣ್ಣಿನ ನಡುವಿನ ಅಳತೆ ಕಮ್ಮಿ ಬಂದಿತ್ತಂತೆ."

ನಾದಿನಿಯ ಕೈಯಲ್ಲಿದ್ದ ಪೆನ್ಸಿಲು ನಿಂತಿತು. ಇದು ಅವಳ ಕಸುಬಿನ ಮಾತು. ದೂರ ನೋಡುವಾಗ ಪಾಪೆಗಳು ನೇರವಾಗಿರುತ್ತವೆ. ಹತ್ತಿರದ್ದನ್ನು ನೋಡಿದರೆ ಒಂದಕ್ಕೊಂದು ಸರಿದು ಬರುತ್ತವೆ. ಆದ್ದರಿಂದಲೇ ದೂರದ ಕನ್ನಡಕಕ್ಕೆ ಅಳತೆ ಕೊಡುವವರು ದೂರವನ್ನೇ ನೋಡಬೇಕು.

"ಮೊದಲ ದಿನ ಅಳತೆ ತಗೊಳ್ಳುವಾಗ ನೀನು ಎಲ್ಲಿ ನೋಡ್ತಿದ್ದೆ?"

"ಎಲ್ಲಿ ಅಂದ್ರೆ?"

"ಕಂಬ ನೋಡು ಅಂತ ಅವರು ಹೇಳಲಿಲ್ವಾ?"

"ಇಲ್ಲ. ಇವತ್ತು ಹೇಳಿದ್ರು."

"ಹಾಗಾದ್ರೆ ಅವತ್ತು ಏನು ನೋಡಿದೆ?"

ಅವಳು ನೆನಪು ಮಾಡಿಕೊಂಡಳು. ಅವಳಿಗೆ ಮರೆಮಾಚುವುದು ಬರುತ್ತಿರಲಿಲ್ಲ. ಮರೆಮಾಚಲಿಕ್ಕೆ ಏನೋ ಇದೆಯೆಂದೂ ಗೊತ್ತಿರಲಿಲ್ಲ. "ಅವರ ಎಡಗಣ್ಣಿನ ರೆಪ್ಪೆಯಲ್ಲಿ ಒಂದೇ ಒಂದು ಕೂದಲು ಬೆಳ್ಳಗಿದೆ," ಎಂದಳು.

ಹೇಳಿದ ಮೇಲೆ ಆ ಮಾತು ಮೇಜಿನ ಮೇಲೆ ಇಬ್ಬರಿಗೂ ಕಾಣುವಂತೆ ಬಿದ್ದುಕೊಂಡಿತು.

ನಾದಿನಿ ಚಿತ್ರಗಳನ್ನು ಒಟ್ಟುಗೂಡಿಸಿದಳು. "ನನ್ನಣ್ಣ ಹೋದಾಗಿಂದ ನೀನು ನನ್ನ ಮುಖವನ್ನೂ ಅಷ್ಟು ಸರಿಯಾಗಿ ನೋಡಿಲ್ಲ ಅತ್ತಿಗೆ. ನನ್ನ ಹಣೆ ಮೇಲೊಂದು ಗಾಯ ಆಗಿ ಮಾಯ್ದದ್ದು ಗೊತ್ತಾ ನಿನಗೆ?"

ಗೊತ್ತಿರಲಿಲ್ಲ.

"ಅವನನ್ನ ನೆನೆಯೋರು ಈ ಲೋಕದಲ್ಲಿ ಇಬ್ಬರೇ. ನಾನು, ನೀನು. ಇನ್ಮೇಲೆ ನಾನೊಬ್ಬಳೇನಾ?" ಅವಳು ಎದ್ದು ಕೋಣೆಗೆ ಹೋದಳು. ಬಾಗಿಲನ್ನು ಜೋರಾಗಿ ಹಾಕಿಕೊಂಡಿದ್ದರೆ ಚೆನ್ನಿತ್ತು. ಮೆಲ್ಲಗೆ ಹಾಕಿಕೊಂಡಳು.

ಆ ವಾರವೆಲ್ಲ ಮನೆಯಲ್ಲಿ ಲೋಟ, ತಟ್ಟೆ, ಕೊಳಾಯಿಗಳೇ ಮಾತಾಡಿದವು. ಅವಳು ಕೆಲಸಕ್ಕೆ ಹೋದಳು, ಬಂದಳು. ಒಂದು ದಿನ, ನಾದಿನಿ ತನ್ನನ್ನು ಬಿಟ್ಟುಹೋದರೆ ಹೇಗೆ ಎಂದು ಯೋಚಿಸಿ ನೋಡಿದಳು. ಎದೆಯಲ್ಲಿ ಏನೂ ಅಲುಗಲಿಲ್ಲ. ಆದರೆ ಆ ಸಂಜೆ ದೇವರ ಮುಂದೆ ಕೂತಾಗ ತುಟಿ ತಾನಾಗಿ ಆಡಿತು: "ಅವಳು ಹೋಗದಿರಲಿ." ಬೇಡಿದ್ದು ತಾನೇ ಎಂದು ನಂಬಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

*

ಶುಕ್ರವಾರ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಕನ್ನಡಕದವರು ಅವಳಿಗಾಗಿ ಕುರ್ಚಿ ಎಳೆದಿಟ್ಟಿದ್ದರು. ಮದುವೆಯಾಗದೆ ಉಳಿದ ಮನುಷ್ಯ. ಕಣ್ಣು ಕಳೆದುಕೊಂಡ ತಾಯಿಗೆ ದಿನಾ ಪೇಪರು ಓದಿ ಹೇಳುತ್ತ, ಅವರ ಮದುವೆಯ ವಯಸ್ಸು ಗೊತ್ತಾಗದಂತೆ ದಾಟಿಹೋಗಿತ್ತು. ತಾಯಿ ಈಗಿಲ್ಲ. ಪೇಪರು ಮಾತ್ರ ಬರುತ್ತಿತ್ತು.

"ನನ್ನ ನಾದಿನಿಗೆ ಅರ್ಥ ಆಯ್ತು," ಎಂದಳು ಅವಳು, ಕೂರುವ ಮೊದಲೇ. "ಅಳತೆ ಯಾಕೆ ಕಮ್ಮಿ ಬಂತು ಅಂತ."

"ಓ." ಅವರ ಕಿವಿ ಮತ್ತೆ ಕೆಂಪಾಯಿತು. "ಹಾಗಾದ್ರೆ ನಿಮಗೂ."

"ನನಗೂ."

"ಅರ್ಧ ಮಾತ್ರ ಆಗಿರುತ್ತೆ. ಇನ್ನರ್ಧ ನಾನು ಹೇಳಬೇಕು." ಅವರು ಮೇಜಿನ ಆಚೆ ನಿಂತೇ ಇದ್ದರು. "ಬಂದವರಿಗೆಲ್ಲ ಹೇಳ್ತೀನಿ, ನನ್ನ ನೋಡಬೇಡಿ, ಕಂಬ ನೋಡಿ ಅಂತ. ನಿದ್ದೆಯಲ್ಲಿ ಎಬ್ಬಿಸಿದ್ರೂ ಹೇಳ್ತೀನಿ. ಅವತ್ತು ನಿಮಗೆ ಹೇಳಲಿಲ್ಲ. ಮರೆತೆ ಅಂದ್ಕೊಂಡೆ. ಮರೆತದ್ದಲ್ಲ ಮೈಕಮ್ಮ. ನೀವು ನೋಡ್ತಿದ್ರಿ. ಆ ಕಡೆ ನೋಡಿ ಅನ್ನೋಕೆ ಬಾಯಿ ಬರಲಿಲ್ಲ."

ಹೊರಗೆ ಯಾರೋ ಸೈಕಲ್ಲು ನಿಲ್ಲಿಸಿ ಹೋದರು.

"ನನಗೆ ಏನೂ ಅನ್ನಿಸ್ತಾ ಇಲ್ಲ," ಎಂದಳು ಅವಳು. "ಸುಳ್ಳು ಹೇಳಬಾರದು. ನೀವು ಇಷ್ಟು ಹೇಳಿದ್ರಿ, ಬೇರೆ ಹೆಂಗಸಾಗಿದ್ರೆ ಏನೋ ಒಂದು ಆಗಿರೋದು. ನನಗೆ ಮಳೆ ಬಂತು ಅಂತ ಯಾರೋ ಪಕ್ಕದ ಕೋಣೆಯಿಂದ ಹೇಳಿದ ಹಾಗಿದೆ."

"ಸರಿ."

"ಸರಿ ಅಂದ್ರೆ?"

"ಅನ್ನಿಸಲೇಬೇಕು ಅಂತ ನಾನೆಲ್ಲಿ ಕೇಳಿದೆ? ಕಣ್ಣು ನೋಡಿತ್ತು. ಸದ್ಯಕ್ಕೆ ನನಗೆ ಅಷ್ಟು ಸಾಕು."

ಅವರು ಹೊಸ ಕನ್ನಡಕವನ್ನು ತಾವೇ ಅವಳ ಕಿವಿಗೇರಿಸಿದರು. ಬೆರಳು ಕೆನ್ನೆಗೆ ತಾಗದಂತೆ ಎಷ್ಟು ಜೋಪಾನ ಮಾಡಿದರೆಂದರೆ, ತಾಗಿದ್ದರೂ ಅಷ್ಟು ತಿಳಿಯುತ್ತಿರಲಿಲ್ಲ. "ಈಗ ಕಂಬ ನೋಡಿ."

ನೋಡಿದಳು. ಕಂಬದ ತುದಿಯಲ್ಲಿ ಗಾಳಿಪಟದ ದಾರವೊಂದು ಸಿಕ್ಕಿಕೊಂಡಿತ್ತು. ಅದರ ಗಂಟು ಕೂಡ ಕಾಣುತ್ತಿತ್ತು. ತಿರುಗಿ ಅವರ ಕಡೆ ನೋಡಿದಳು.

"ಇದು ದೂರಕ್ಕೆ," ಎಂದರು ಅವರು. "ಹತ್ತಿರದವರನ್ನ ನೋಡೋಕೆ ತೆಗೆದರೆ ಆಯಾಸ ಕಮ್ಮಿ."

ಅವಳು ತೆಗೆದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಯಾವ ಅಳತೆಯ ನೆಪವೂ ಇಲ್ಲದ ನೋಟ. ಮೊದಲು ಕಣ್ಣು ತಗ್ಗಿಸಿದವರು ಅವರೇ.

"ಬಂಡೆ ಊರಿನ ಬಸ್ಸು ಹೊರಡೋದು ನಿಮ್ಮ ದನಿಯಲ್ಲಿ ಇಲ್ಲಿಗೆ ದಿನಾ ಕೇಳಿಸುತ್ತೆ," ಎಂದರು. "ನಾನೂ ಇದುವರೆಗೆ ನೋಡಿಲ್ಲ. ನಾನೂ ಬರಲಾ ಅಂತ ಕೇಳೋ ಧೈರ್ಯ ಇಲ್ಲ. ಇಲ್ಲ ಅಂತ ಹೇಳ್ತಾನೇ ಕೇಳಿಬಿಟ್ಟೆ ನೋಡಿ."

"ನನ್ನ ನಾದಿನಿ ಇದಾಳೆ. ಅವಳನ್ನ ಬಿಟ್ಟು ನನಗೇನೂ ಬೇಡ."

"ಬಿಡಿ ಅಂದೋರು ಯಾರು? ಅಣ್ಣನ್ನ ಕಳ್ಕೊಂಡೋಳು. ಇನ್ನು ಅತ್ತಿಗೆನೂ ಕಳ್ಕೋಬೇಕಾ?"

*

ಮನೆಗೆ ಬಂದರೆ ಮೇಜಿನ ಮೇಲೆ ಒಂದೇ ಚೀಲ ಕಟ್ಟಿಟ್ಟಿತ್ತು. ಅದು ಅವಳದು. ನಾದಿನಿ ಅವಳ ಬಟ್ಟೆಗಳನ್ನೆಲ್ಲ ಇಸ್ತ್ರಿ ಮಾಡಿ ತುಂಬಿದ್ದಳು.

"ನಿನ್ನದೆಲ್ಲಿ?"

"ನಾನು ಬರಲ್ಲ. ಆಸ್ಪತ್ರೇಲಿ ರಜ ಇಲ್ಲ ಅಂದ್ರು."

"ಯಾರು ಅಂದ್ರು?"

"ಒಂಟೆ ಅಂತು, ಆನೆ ಅಂತು! ನಿನಗೆ ಯಾಕೆ ಬೇಕು? ನೀನು ಹೋಗು. ಜೊತೆಗೆ ಕನ್ನಡಕದವರನ್ನ ಕರ್ಕೊಂಡು ಹೋಗು. ನಾನೇನು ಕಲ್ಲಲ್ಲ, ನಿನ್ನ ದಾರಿಗೆ ಅಡ್ಡ ಬೀಳೋಕೆ."

ಅವಳು ನಾದಿನಿಯ ಹತ್ತಿರ ಬಂದಳು. ಹಣೆಯ ಮೇಲಿನ ಕೂದಲನ್ನು ಸರಿಸಿ ನೋಡಿದಳು. ಗಾಯದ ಗುರುತು ಬೆರಳಿನ ಉಗುರಿನಷ್ಟಿತ್ತು, ಹೊಳೆಯುತ್ತಿತ್ತು. ಗಂಡನ ಹಣೆಯೂ ಹೀಗೇ ಅಗಲವಾಗಿತ್ತು, ಹುಬ್ಬುಗಳೂ ಹೀಗೇ ನಡುವಿನಲ್ಲಿ ಮುಗಿಯುತ್ತಿದ್ದವು. ಇಷ್ಟು ದಿನ ಅವನು ಈ ಮನೆಯಲ್ಲೇ ಓಡಾಡಿಕೊಂಡಿದ್ದ ಹಾಗಾಯಿತು.

"ಯಾವಾಗ ಆಯ್ತು ಇದು?"

"ಅವನು ಹೋದ ದಿನ. ಗೋಡೆಗೆ." ನಾದಿನಿಯ ದನಿ ಒಡೆಯಿತು. "ಈಗ ಕೇಳ್ತಾಳೆ, ಮಹಾರಾಣಿ."

"ರೂಮು ಎರಡು ತಗೋ," ಎಂದಳು ಅವಳು.

"ಏನು?"

"ಒಂದು ನನಗೆ, ನಿನಗೆ. ಇನ್ನೊಂದು ಅವರಿಗೆ. ನೀನು ಬರದಿದ್ರೆ ನಾನೂ ಹೋಗಲ್ಲ, ಅವರೂ ಬರಲ್ಲ. ಬಂಡೆಗಳು ಅಲ್ಲೇ ನಿಂತಿರಲಿ. ನೀನು ಬಂದ್ರೆ ಮೂರು ಜನ. ರಾತ್ರಿ ಕೂತು ನಿನ್ನ ಅಣ್ಣನ ಸುದ್ದಿ ಹೇಳೋಣ. ಅವರೂ ಕೇಳಲಿ. ಅವನನ್ನ ನೆನೆಯೋರು ಮೂರು ಜನ ಆಗಲಿ."

ಅತ್ತಿಗೆ ಒಂದೇ ಉಸಿರಿಗೆ ಇಷ್ಟು ಮಾತಾಡಿ ಎರಡು ವರ್ಷವಾಗಿತ್ತು.

"ಗೊರಕೆ ಹೊಡೀತಾರಾ?" ಎಂದು ನಾದಿನಿ ಕೇಳಿದಳು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ.

"ನನಗೇನು ಗೊತ್ತು!"

"ಕೂದಲು ಎಣಿಸಿದೋಳಿಗೆ ಇದು ಗೊತ್ತಿಲ್ವಾ?"

ಅವಳ ಮುಖಕ್ಕೆ ಬಿಸಿ ಏರಿತು. ಏನೆಂದು ತಿಳಿಯದೆ ಕೆನ್ನೆ ಮುಟ್ಟಿ ನೋಡಿಕೊಂಡಳು.

ನಾದಿನಿ ಫೋನ್ ಎತ್ತಿಕೊಂಡು ಹೋಟೆಲಿಗೆ ಮಾತಾಡಿದಳು. "ಹಲೋ. ನಾಳೆಗೆ ರೂಮು ಹೇಳಿದ್ದೆ. ಹಾಂ, ಅದೇ. ಇನ್ನೊಂದು ಬೇಕು. ಬಂಡೆ ಕಾಣೋ ಕಡೆನೇ ಕೊಡಿ, ನೀರಿನ ಟ್ಯಾಂಕ್ ಕಾಣೋದು ಬೇಡ. ಒಬ್ಬರಿಗೆ... ಗಂಡಸರು." ಆಚೆಯಿಂದ ಏನೋ ಕೇಳಿದರು. ನಾದಿನಿ ಅತ್ತಿಗೆಯ ಕಡೆ ಒಮ್ಮೆ ನೋಡಿದಳು, ಗೋಡೆಯ ಕಡೆ ತಿರುಗಿದಳು. "ಯಾರು ಅಂದ್ರೆ ಏನ್ರೀ? ನಮ್ಮನೆಯೋರೇ. ಬರ್ಕೊಳ್ಳಿ."

ಫೋನ್ ಇಟ್ಟು, ತಿರುಗದೆಯೇ ಹೇಳಿದಳು: "ನಿಂತಿದೀಯಲ್ಲ ಕಂಬದ ಹಾಗೆ! ಹೋಗಿ ಅವರಿಗೆ ಹೇಳು. ಅಂಗಡಿ ಮುಚ್ಚಿಬಿಟ್ಟಾರು."

ಅವಳು ಚಪ್ಪಲಿ ಮೆಟ್ಟಿಕೊಂಡಳು. ಮೆಟ್ಟಿಲ ಗೋಡೆ, ಕಿಟಕಿ, ಮತ್ತೆ ಗೋಡೆ ಪಕ್ಕದಲ್ಲಿ ಸರಿದುಹೋದವು. ಕೆಳಗಿನ ಮನೆಯ ಮುದುಕಿ ಬಾಗಿಲಿನಿಂದ ಹಿಂದೆ ಸರಿದು ದಾರಿ ಬಿಟ್ಟಳು.

"ಓಡಬೇಡ ಅತ್ತಿಗೆ, ಬಿದ್ದೀಯ!" ಎಂದು ಮೇಲಿನಿಂದ ನಾದಿನಿಯ ಕೂಗು ಕೇಳಿಸಿತು.

ಆಗಲೇ ಅವಳಿಗೆ ಗೊತ್ತಾದದ್ದು, ತಾನು ಓಡುತ್ತಿದ್ದೇನೆಂದು.