1953ರ ಕಟ್ಟಿನ ದಾರ

ಛಾಯಾಗ್ರಾಹಕನ ಹೆಸರನ್ನು ಕೇಳುವ ನೀವು, ಹಗ್ಗದ ಬಿಗಿತದಲ್ಲಿ ನಿಂತವಳ ಹೆಸರನ್ನು ಎಂದಾದರೂ ಕೇಳಿದ್ದೀರಾ? ನಿವೃತ್ತ ಶಿಕ್ಷಕನಾದ ನಾನೂ ಕೇಳಲಿಲ್ಲ. ನಾನೀಗ ಪಟ್ಟಿ ಮಾಡುವ ಟೋಕಿಯೊದ ಪತ್ರಿಕಾ ಸಂಗ್ರಹದಲ್ಲಿ, ರೂಪದರ್ಶಿಯ ಮೈಯನ್ನು ಹಗ್ಗದಿಂದ ಬಿಗಿದು ಚಿತ್ರ ತೆಗೆಯುವ ಜಪಾನಿ ಕಲೆಯ ಹಳೆಯ ಪತ್ರಿಕೆಗಳಿವೆ. 1953ರ ಕಟ್ಟಿನ ಚೀಟಿಯಲ್ಲಿ, ‘ರೂಪದರ್ಶಿಯ ಹೆಸರು’ ಎಂಬ ಖಾಲಿ ಜಾಗದಲ್ಲಿ ‘ಅಗತ್ಯವಿಲ್ಲ’ ಎಂದು ಬರೆದೆ. ಮರುದಿನದಿಂದ ಪ್ರತಿ ಬೆಳಿಗ್ಗೆ ಆ ಕಟ್ಟಿನ ದಾರವೊಂದೇ ಬಿಚ್ಚಿರುತ್ತಿತ್ತು. ಆ ಕಲೆಯಲ್ಲಿ ಹಗ್ಗ ಕಟ್ಟುವವರು ಮಡಿಸುವಂತೆ ಸರಿಯಾಗಿ ಎರಡಾಗಿ ಮಡಚಿರುತ್ತಿತ್ತು.

“ಬಿಚ್ಚಿದ್ದು ನೀವೇ ತಾನೆ, ಕುರಾಮೊಚಿಯವರೇ?” ಎಂದು ಸಹೋದ್ಯೋಗಿಯನ್ನು ಕೇಳಿದೆ.

“ನನ್ನ ಬೂಟಿನ ಲೇಸ್ ಬಿಚ್ಚೋಕೂ ಹೆಂಡ್ತೀನೇ ಬೇಕು, ಮೇಷ್ಟ್ರೇ. ದಾರ ಮುಟ್ಟಿ ನೋಡಿ, ಬೆಚ್ಚಗಿದೆ.”

ನನಗೆ ನಂಬಿಕೆ ಬರಲಿಲ್ಲ. ಅವರು ಊರಿಗೆ ಹೋದ ವಾರ ಕೀಲಿ ನನ್ನೊಬ್ಬನಲ್ಲಿತ್ತು. ತಣ್ಣನೆಯ ಆ ಕೋಣೆಯಲ್ಲಿ ದಾರ ಆಗಲೂ ಬಿಚ್ಚಿತ್ತು, ಬೆಚ್ಚಗಿತ್ತು.

‘ಅಗತ್ಯವಿಲ್ಲ’ ಎಂಬುದನ್ನು ಅಳಿಸಿದ್ದೇನೆ. ಆ ಕಟ್ಟಿನ ಚಿತ್ರಗಳಲ್ಲಿ ಕಾಣುವ, ಎಡಗಿವಿಯ ಕೆಳಗೆ ಜೋಡಿ ಮಚ್ಚೆಯಿದ್ದ ಮಹಿಳೆಯನ್ನು ನೀವು ಬಲ್ಲಿರಾದರೆ, ದಯವಿಟ್ಟು ಅವಳ ಹೆಸರನ್ನು ಬರೆದು ಕಳಿಸಿ.