ಮಣಿಯರದ ಬಣ್ಣ

“ಹಸಿರೇ ಆಗ್ಬೇಕು!” ಅಫೀಫಾ ಗೋಡೆಗೆ ಅಡ್ಡವಾಗಿ ನಿಂತಳು.

“ಹಿಂದೆ ಹೋಗ್ಬೇಡ ಮಾರಾಯ್ತಿ, ಪೈಂಟ್ ಒಣಗ್ಲಿಲ್ಲ!” ಎಂದು ಪೈಂಟರ್ ಮಂಜ ಕೂಗಿದ.

ತಡವಾಗಿತ್ತು. ಅವಳ ಅಂಗಿಯ ಬೆನ್ನಿಗೆ ಹಸಿರು ಮೆತ್ತಿಯಾಗಿತ್ತು.

ನೋಡಲಿಕ್ಕೆಂದು ಮಂಜ ಗೋಡೆಯಲ್ಲಿ ಎರಡು ಬಣ್ಣ ಬಳಿದಿದ್ದ. ಒಂದು ಎಳೆಹಸಿರು, ಪಕ್ಕದಲ್ಲಿ ರೋಸ್.

ಅಫೀಫಾಳ ಅಕ್ಕ ಶಿಬಿಲಾಳ ಮದುವೆ ಹತ್ತಿರ ಬಂದಿತ್ತು. ಅವರ ಕಡೆ ಮದುವೆಯಾದ ಮೇಲೆ ಮದುಮಗನೇ ಹುಡುಗಿಯ ಮನೆಗೆ ಬಂದು ಉಳಿಯುವುದು ರೂಢಿ. ಅವನಿಗಾಗಿ ಒಂದು ಕೋಣೆಯನ್ನು ಸಿಂಗರಿಸುತ್ತಾರೆ. ಅದೇ ಮಣಿಯರ. ಈ ಮನೆಯಲ್ಲಿ ಮಣಿಯರ ಆಗಲಿರುವುದು ಯಾವ ಕೋಣೆ? ಅಫೀಫಾ ಅಕ್ಕನ ಜೊತೆ ಮಲಗುತ್ತಿದ್ದ ಕೋಣೆಯೇ!

“ರೋಸೇ ಚಂದ,” ಎಂದಳು ಉಮ್ಮ. “ಹಸಿರು ಬಳಿದ್ರೆ ಮದ್ರಸದ ಹಾಗೆ ಕಾಣ್ತದೆ.”

“ನನ್ನನ್ನು ಹೊರಗೆ ಹಾಕುದಲ್ವಾ? ನನ್ನ ಬಣ್ಣವಾದ್ರೂ ಇಲ್ಲಿ ಇರ್ಲಿ!”

ಬಟ್ಟೆ ಮಡಚುತ್ತಿದ್ದ ಶಿಬಿಲಾ ಮೆಲ್ಲಗೆ, “ಅವಳು ಹೇಳಿದ್ದೇ ಆಗ್ಲಿ ಉಮ್ಮ,” ಎಂದಳು.

“ಮಂಜ ಚಾ ಕುಡಿಯುವಷ್ಟರಲ್ಲಿ ಸರಿಯಾಗಿ ಯೋಚನೆ ಮಾಡಿ ಹೇಳಿ. ಮತ್ತೆ ಅವನು ಪೈಂಟ್ ತರ್ಲಿಕ್ಕೆ ಹೋಗ್ಬೇಕು,” ಎನ್ನುತ್ತ ಉಮ್ಮ ಅವನನ್ನು ಕರೆದುಕೊಂಡು ಹೋದಳು.

ಉಮ್ಮ ಮತ್ತೆ ತಕರಾರು ತೆಗೆಯಬಾರದು. ರಾತ್ರಿ ಹಸಿರು ಹೇಗೆ ಕಾಣುತ್ತದೆಂದು ನೋಡಲು ಅಫೀಫಾ ಕಿಟಕಿ ಮುಚ್ಚಿ ಟ್ಯೂಬ್‌ಲೈಟ್ ಹಾಕಿದಳು. ಅಯ್ಯೋ, ಹಸಿರು ಮಂಕಾಯಿತು! ಬೇಗ ಕಿಟಕಿ ತೆರೆದಳು. ಈಗ ಸರಿ.

“ನೋಡಕ್ಕ, ಹಗಲು ಹೇಗೆ ಹೊಳೀತದೆ!” ಎಂದು ತಿರುಗಿದಳು.

ಅಕ್ಕ ಹಸಿರಿನತ್ತ ನೋಡುತ್ತಲೇ ಇರಲಿಲ್ಲ. ಮದುವೆಯ ಶಾಲನ್ನು ರೋಸಿನ ಹತ್ತಿರ ಹಿಡಿದು, ತನ್ನಷ್ಟಕ್ಕೇ ನಗುತ್ತಿದ್ದಳು. ತಂಗಿ ನೋಡಿದ್ದು ಕಂಡು ಸಟ್ಟನೆ ಶಾಲು ಕೆಳಗಿಳಿಸಿದಳು.

“ನಿಂಗೆ ರೋಸ್ ಇಷ್ಟವಾ?”

“ಯಾವುದಾದ್ರೂ ಆದೀತು.”

“ಸತ್ಯ ಹೇಳು!”

“ಇಷ್ಟ ಉಂಟು. ಆದ್ರೆ ನೀನು ಬೇಜಾರು ಮಾಡಿದ್ರೆ ಬೇಡ. ರಜೆ ಮುಗಿದು ನಿನ್ನ ಭಾವ ದುಬೈಗೆ ಹೋದ್ರೆ ಮತ್ತೆ ಇಲ್ಲಿ ನಾನೊಬ್ಬಳೇ. ಆಗ ನೀನು ಬಂದು ಮಲಗ್ಬೇಕಲ್ಲ?”

ಅಫೀಫಾ ಗೋಡೆಯನ್ನು ನೋಡಿದಳು, ಅಕ್ಕನನ್ನು ನೋಡಿದಳು. ಬೆಳಿಗ್ಗೆ ಎದ್ದ ಕೂಡಲೇ, ಭಾವ ಇದ್ದರೂ ಇಲ್ಲದಿದ್ದರೂ, ಈ ಗೋಡೆ ಅಕ್ಕನ ಕಣ್ಣಿಗೇ ಬೀಳುವುದು.

ಅವಳು ಜಗಲಿಗೆ ದಡದಡನೆ ನಡೆದಳು.

“ಮಂಜಣ್ಣ, ರೋಸ್ ತನ್ನಿ.”

ಮಂಜನ ಚಾ ಗ್ಲಾಸು ಬಾಯಿಯ ಹತ್ತಿರವೇ ನಿಂತಿತು. “ಹಸಿರು ಹಸಿರು ಅಂತ ಬೊಬ್ಬೆ ಹಾಕಿದ್ದು ಯಾರು ಹಾಗಾದ್ರೆ?”

“ಅದರ ಮೇಲೆ ಎರಡು ಕೋಟ್ ಹೊಡೀರಿ,” ಎಂದಳು ಅಫೀಫಾ. “ಒಂಚೂರೂ ಕಾಣ್ಬಾರ್ದು.”